ಆನ್‌ಲೈನ್ ಕಿರುಕುಳ ಮತ್ತು ಅಪಪ್ರಚಾರ: ಯಾವ ಕೆಲಸ ಮೊದಲು, ಯಾವುದು ನಂತರ

ಮಹಿಳೆಯೊಬ್ಬರ ಹೆಸರಿನಲ್ಲಿ ಆಕೆ ಆಡದ ಮಾತೊಂದು ಹರಿದಾಡತೊಡಗಿದಾಗ, ಅಥವಾ ಆಕೆಯ ಖಾತೆಗೆ ಬೈಗುಳ, ಬೆದರಿಕೆ, ಅಶ್ಲೀಲ ಸಂದೇಶಗಳು ಒಂದರ ಹಿಂದೊಂದು ಬಂದು ಬೀಳತೊಡಗಿದಾಗ ಮೊದಲ ಗಂಟೆಯಲ್ಲಿ ಮನಸ್ಸಿಗೆ ಹೊಳೆಯುವುದು ಮೂರು ದಾರಿ: ಎಲ್ಲವನ್ನೂ ಅಳಿಸಿಬಿಡುವುದು, ಸಿಟ್ಟಿನಲ್ಲಿ ಉತ್ತರ ಕೊಡುವುದು, ಇಲ್ಲವೇ ಖಾತೆಯನ್ನೇ ಮುಚ್ಚಿ ಹೊರಬರುವುದು. ಮೂರೂ ಸಹಜವೇ. ಆದರೆ ಅಳಿಸಿದರೆ ಸಾಕ್ಷ್ಯ ಹೋಗುತ್ತದೆ. ಸಿಟ್ಟಿನ ಉತ್ತರ ದಾಳಿಕೋರರಿಗೆ ಹೊಸ ಸರಕಾಗುತ್ತದೆ. ಖಾತೆ ಮುಚ್ಚಿದರೆ ನಿಮ್ಮ ಹೆಸರಿನಲ್ಲಿ ನಕಲಿ ಖಾತೆ ತೆರೆದವರ ಮಾತೇ ನಿಮ್ಮ ಮಾತೆಂದು ಜನ ನಂಬಲು ಅವಕಾಶವಾಗುತ್ತದೆ. ಇದೇ ಕೆಲಸಗಳನ್ನು ಸ್ವಲ್ಪ ತಡವಾಗಿ, ಸರಿಯಾದ ಕ್ರಮದಲ್ಲಿ ಮಾಡಿದರೆ ಪ್ರಯೋಜನವಾಗಬಹುದು. ಹೀಗಾಗಿ ಈ ಬರಹದಲ್ಲಿ ಹೆಚ್ಚಿನ ಒತ್ತು ಇರುವುದು ಆ ಕ್ರಮದ ಮೇಲೆಯೇ.

ಮೊದಲು ಒಂದು ವಿಷಯ ಸ್ಪಷ್ಟವಾಗಿರಬೇಕು. ಇಂಥ ದಾಳಿ ಒಬ್ಬಾಕೆಯ ನಡತೆಯಲ್ಲಿ ಏನೋ ಕೊರತೆಯಿದ್ದುದರಿಂದ ನಡೆಯುವುದಲ್ಲ. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಪತ್ರಕರ್ತರ ಕೇಂದ್ರ 2020ರಲ್ಲಿ ನಡೆಸಿದ ಸಮೀಕ್ಷೆಗೆ ಉತ್ತರಿಸಿದ ಪತ್ರಕರ್ತೆಯರಲ್ಲಿ ಶೇಕಡ 73ರಷ್ಟು ಮಂದಿ ತಮ್ಮ ಕೆಲಸದ ಕಾರಣಕ್ಕೆ ಆನ್‌ಲೈನ್ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಅದಕ್ಕೆ ಸಂಬಂಧಿಸಿದ ದಾಳಿ ಅಥವಾ ನಿಂದನೆಯನ್ನು ಹೊರಜಗತ್ತಿನಲ್ಲೂ ಎದುರಿಸಿದ್ದೇವೆಂದವರು ಶೇಕಡ 20ರಷ್ಟಿದ್ದರು. ಫಿಲಿಪ್ಪೀನ್ಸ್‌ನ ಪತ್ರಕರ್ತೆ, 2021ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮರಿಯಾ ರೆಸ್ಸಾ ಅವರ ಮೇಲಿನ ದಾಳಿಯ ಸಂದೇಶಗಳನ್ನು ಸಂಶೋಧಕರು ವಿಂಗಡಿಸಿ ನೋಡಿದಾಗ ಸುಮಾರು ಶೇಕಡ 60ರಷ್ಟು ಅವರ ವೃತ್ತಿಪರ ವಿಶ್ವಾಸಾರ್ಹತೆಯನ್ನು ಕೆಡಿಸಲು ಹೊರಟಿದ್ದವು, ಉಳಿದವು ವೈಯಕ್ತಿಕ ನಿಂದನೆಗಳಾಗಿದ್ದವು. ಈ ಎರಡು ಎಳೆಗಳು ಬಿಡಿಬಿಡಿಯಾಗಿ ಬರುವುದು ಅಪರೂಪ. ಒಂದು ಕಡೆ ‘ಈಕೆಯನ್ನು ನಂಬಬೇಡಿ’ ಎಂಬ ಸುಳ್ಳು, ಇನ್ನೊಂದು ಕಡೆ ‘ಈಕೆ ಇಂಥವಳು’ ಎಂಬ ಕೊಳಕು. ಎರಡರ ಗುರಿಯೂ ಆಕೆ ಮಾತು ನಿಲ್ಲಿಸಬೇಕು ಎಂಬುದೇ. ಆದ್ದರಿಂದ ಕಿರುಕುಳಕ್ಕೊಂದು, ಸುಳ್ಳಿಗೊಂದು ಎಂದು ಎರಡು ಬೇರೆ ಸಿದ್ಧತೆಗಳು ಸಾಲುವುದಿಲ್ಲ.

ಮೊದಲ ಕೆಲಸ: ಅಪಾಯ ಎಷ್ಟು ಹತ್ತಿರದ್ದು?

ನೂರು ಬೈಗುಳಗಳಿಗಿಂತ ಒಂದು ಶಾಂತವಾದ ವಾಕ್ಯ ಹೆಚ್ಚು ಅಪಾಯಕಾರಿಯಾಗಿರಬಹುದು. ‘ನಿನ್ನನ್ನು ಬಿಡುವುದಿಲ್ಲ’ ಎಂದು ಅಪರಿಚಿತನೊಬ್ಬ ಬರೆಯುವುದಕ್ಕೂ, ನಿಮ್ಮ ಮನೆಯ ದಾರಿ, ಮಗುವಿನ ಶಾಲೆ, ನೀವು ಕಚೇರಿಯಿಂದ ಹೊರಡುವ ಸಮಯ ಇವುಗಳನ್ನು ಉಲ್ಲೇಖಿಸಿ ಒಬ್ಬಾತ ಸೌಮ್ಯವಾಗಿಯೇ ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಸಂದೇಶದಲ್ಲಿ ಸ್ಥಳ, ಸಮಯ ಅಥವಾ ಆಯುಧದ ಹೆಸರಿದೆಯೇ, ಸಾರ್ವಜನಿಕವಾಗಿ ಯಾರಿಗೂ ತಿಳಿಯದ ವಿವರವಿದೆಯೇ, ಒಂದೇ ವ್ಯಕ್ತಿ ಬೇರೆ ಬೇರೆ ಖಾತೆಗಳಿಂದ ಮರಳಿ ಬರುತ್ತಿದ್ದಾನೆಯೇ, ಅವನ ಭಾಷೆ ದಿನದಿಂದ ದಿನಕ್ಕೆ ತೀವ್ರವಾಗುತ್ತಿದೆಯೇ ಎಂಬುದನ್ನು ನೋಡಿ. ಇವುಗಳಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಕೆಳಗಿನ ಉಳಿದ ಕೆಲಸಗಳು ಕಾಯಲಿ; ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ನಂಬಿಕಸ್ಥರಿಗೆ ತಿಳಿಸಿ, ಪೊಲೀಸರಿಗೆ ಕರೆಮಾಡಿ.

ದಾಳಿ ಮಾಡುತ್ತಿರುವವನು ಗಂಡ, ಮಾಜಿ ಸಂಗಾತಿ ಅಥವಾ ಮನೆಯವರೇ ಆಗಿದ್ದರೆ ಕ್ರಮವೇ ಬದಲಾಗುತ್ತದೆ, ಮತ್ತು ಸಾಮಾನ್ಯ ಸಲಹೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ನಿಮ್ಮ ಫೋನನ್ನು ಅವನು ಕೈಯಲ್ಲಿ ಹಿಡಿದದ್ದುಂಟು, ಪಾಸ್‌ವರ್ಡ್ ತಿಳಿದದ್ದುಂಟು ಎಂದಾದರೆ ಅದರಲ್ಲಿ ಗೂಢಚರ್ಯೆಯ ಆ್ಯಪ್ ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಹಾಗಿದ್ದಾಗ ಎಲ್ಲ ಪಾಸ್‌ವರ್ಡ್‌ಗಳನ್ನು ಒಮ್ಮೆಗೇ ಬದಲಿಸಿದರೆ ‘ಈಕೆಗೆ ಗೊತ್ತಾಗಿದೆ’ ಎಂಬ ಸುಳಿವು ಅವನಿಗೆ ಸಿಕ್ಕಿ ಹಿಂಸೆ ಹೆಚ್ಚಬಹುದು. ಅವನ ಕೈಗೆ ಎಂದೂ ಸಿಗದ ಬೇರೊಂದು ಫೋನ್ ಅಥವಾ ಕಂಪ್ಯೂಟರಿನಿಂದ ಮಹಿಳಾ ಸಹಾಯವಾಣಿಯನ್ನು ಸಂಪರ್ಕಿಸಿ, ಸುರಕ್ಷತೆಯ ಯೋಜನೆ ಸಿದ್ಧವಾದ ಮೇಲಷ್ಟೇ ಖಾತೆಗಳಿಗೆ ಕೈಹಾಕಿ. ಬ್ಯಾಗು ಅಥವಾ ವಾಹನದಲ್ಲಿ ಅಡಗಿಸಿಡುವ ಬ್ಲೂಟೂತ್ ಟ್ರ್ಯಾಕರ್‌ಗಳ ಬಗೆಗೂ ಎಚ್ಚರವಿರಲಿ. ಅಪರಿಚಿತ ಟ್ರ್ಯಾಕರ್ ನಿಮ್ಮ ಜೊತೆ ಚಲಿಸುತ್ತಿದ್ದರೆ ಎಚ್ಚರಿಸುವ ವ್ಯವಸ್ಥೆಯನ್ನು ಆ್ಯಪಲ್ ಮತ್ತು ಗೂಗಲ್ 2024ರ ಮೇ ತಿಂಗಳಿನಿಂದ ಎರಡೂ ಬಗೆಯ ಫೋನ್‌ಗಳಿಗೆ ಒದಗಿಸಿವೆ. ಅಂಥ ಸೂಚನೆ ಬಂದರೆ ಕಡೆಗಣಿಸಬೇಡಿ.

ಎರಡನೆಯದು: ದಾಖಲೆ

ಬ್ಲಾಕ್ ಮಾಡುವ ಮೊದಲು, ರಿಪೋರ್ಟ್ ಮಾಡುವ ಮೊದಲು, ಉತ್ತರಿಸುವ ಮೊದಲು ದಾಖಲಿಸಿ. ರಿಪೋರ್ಟ್ ಯಶಸ್ವಿಯಾದರೆ ಆ ಪೋಸ್ಟ್ ಕಣ್ಮರೆಯಾಗುತ್ತದೆ, ಅದರೊಂದಿಗೆ ನಿಮ್ಮ ಕೈಯಲ್ಲಿದ್ದ ಸಾಕ್ಷ್ಯವೂ. ದಾಳಿಕೋರ ತಾನೇ ಅಳಿಸಿ ‘ನಾನು ಬರೆದೇ ಇಲ್ಲ’ ಎನ್ನುವುದೂ ಇದೆ.

ಸ್ಕ್ರೀನ್‌ಶಾಟ್ ತೆಗೆಯುವಾಗ ಬೈಗುಳದ ಸಾಲನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳುವುದು ಸಾಮಾನ್ಯ ತಪ್ಪು. ಬರೆದವರ ಖಾತೆಯ ಹೆಸರು, ದಿನಾಂಕ, ಸಮಯ, ಅದರ ಹಿಂದುಮುಂದಿನ ಸಂದೇಶಗಳು ಎಲ್ಲವೂ ಕಾಣುವಂತಿರಬೇಕು. ಸಾಧ್ಯವಿದ್ದರೆ ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ಮೇಲ್ಗಡೆ ಪುಟದ ವಿಳಾಸವಿರುವ ಸಾಲೂ ಕಾಣುವಂತೆ ತೆಗೆಯಬೇಕು. ಪೋಸ್ಟಿನ ಲಿಂಕ್ ಮತ್ತು ಖಾತೆಯ ಲಿಂಕ್ ಎರಡನ್ನೂ ಪಠ್ಯವಾಗಿ ನಕಲಿಸಿ ಇಟ್ಟುಕೊಳ್ಳಿ, ಏಕೆಂದರೆ ಚಿತ್ರದೊಳಗಿನ ಲಿಂಕನ್ನು ಯಾರೂ ಒತ್ತಲಾರರು. ಕಾಣಿಸುವ ಹೆಸರನ್ನು ದಾಳಿಕೋರ ಯಾವಾಗ ಬೇಕಾದರೂ ಬದಲಿಸಬಹುದಾದ್ದರಿಂದ ಖಾತೆಯ ವಿಳಾಸದಲ್ಲಿರುವ ಹೆಸರು ಅಥವಾ ಸಂಖ್ಯೆ ಹೆಚ್ಚು ಬೆಲೆಯುಳ್ಳದ್ದು. ಸಾರ್ವಜನಿಕ ಪುಟವಾದರೆ ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಅದರ ಪ್ರತಿಯನ್ನು ಉಳಿಸಲು ಪ್ರಯತ್ನಿಸಿ. ಮೂರನೆಯವರ ಬಳಿ ದಿನಾಂಕದೊಡನೆ ಉಳಿದ ಪ್ರತಿ ‘ನೀವೇ ತಿರುಚಿದ್ದೀರಿ’ ಎಂಬ ಆರೋಪಕ್ಕೆ ಒಳ್ಳೆಯ ಉತ್ತರ. ನಿಮ್ಮ ಖಾಸಗಿ ವಿವರ ಅಥವಾ ಚಿತ್ರವಿರುವ ಪುಟವನ್ನು ಮಾತ್ರ ಹಾಗೆ ಉಳಿಸಬೇಡಿ, ಅದರಿಂದ ಇನ್ನೊಂದು ಸಾರ್ವಜನಿಕ ಪ್ರತಿ ಹುಟ್ಟುತ್ತದೆ.

ತಾನಾಗಿ ಮಾಯವಾಗುವ ಸಂದೇಶಗಳದ್ದು ಬೇರೆ ಕಷ್ಟ. ಸ್ನ್ಯಾಪ್‌ಚಾಟ್‌ನಂಥ ಆ್ಯಪ್‌ಗಳು ಸ್ಕ್ರೀನ್‌ಶಾಟ್ ತೆಗೆದುದನ್ನು ಕಳುಹಿಸಿದವರಿಗೆ ತಿಳಿಸುತ್ತವೆ. ಅಲ್ಲಿ ಇನ್ನೊಂದು ಫೋನಿನಿಂದ ಪರದೆಯ ವಿಡಿಯೊ ತೆಗೆಯುವುದೇ ಸುಲಭ. ಧ್ವನಿ ಸಂದೇಶ ಮತ್ತು ವಿಡಿಯೊಗಳನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿ ಉಳಿಸಿದರೆ ಸಾಲದು. ಮೂಲ ಕಡತವನ್ನೇ ಇಳಿಸಿಕೊಳ್ಳಿ. ಇಮೇಲ್ ಬಂದಿದ್ದರೆ ಅಳಿಸದೆ ಪೆಟ್ಟಿಗೆಯಲ್ಲೇ ಬಿಡಿ, ಅದು ಹಾದುಬಂದ ದಾರಿಯ ತಾಂತ್ರಿಕ ವಿವರ ಅದರ ಹೆಡರ್ ಎಂಬ, ಸಾಮಾನ್ಯವಾಗಿ ಕಾಣದ ಭಾಗದಲ್ಲಿ ಅಡಗಿರುತ್ತದೆ.

ಇವೆಲ್ಲವನ್ನೂ ಒಂದು ಸರಳ ಪಟ್ಟಿಯಲ್ಲಿ ಬರೆದಿಡಿ: ಕ್ರಮಸಂಖ್ಯೆ, ದಿನಾಂಕ, ಸಮಯ, ಯಾವ ಜಾಲತಾಣ, ಲಿಂಕ್, ಒಂದು ಸಾಲಿನ ವಿವರಣೆ, ರಿಪೋರ್ಟ್ ಮಾಡಿದ ದಿನ, ಬಂದ ಉತ್ತರ. ಸ್ಕ್ರೀನ್‌ಶಾಟಿನ ಕಡತಕ್ಕೂ ಅದೇ ಕ್ರಮಸಂಖ್ಯೆ ಕೊಡಿ. ಪ್ರತಿಯೊಂದು ಬೈಗುಳವನ್ನೂ ದಾಖಲಿಸಲೇಬೇಕೆಂದಿಲ್ಲ. ಬೆದರಿಕೆ, ಖಾಸಗಿ ವಿವರಗಳ ಬಹಿರಂಗ, ಲೈಂಗಿಕ ನಿಂದನೆ, ಸುಳ್ಳಿನ ಮೂಲ ಪೋಸ್ಟ್, ಅದನ್ನು ದೊಡ್ಡದಾಗಿ ಹಬ್ಬಿಸಿದ ಖಾತೆಗಳು ಇಷ್ಟು ಇದ್ದರೆ ಸಾಮಾನ್ಯವಾಗಿ ಸಾಕು. ಒಂದು ಎಚ್ಚರಿಕೆ ಅಗತ್ಯ: ಅಪ್ರಾಪ್ತರ ನಗ್ನ ಅಥವಾ ಲೈಂಗಿಕ ಚಿತ್ರವಿದ್ದರೆ ಅದನ್ನು ಸಾಕ್ಷ್ಯಕ್ಕೆಂದೂ ಉಳಿಸಿಕೊಳ್ಳಬೇಡಿ. ಅನೇಕ ದೇಶಗಳಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಲಿಂಕ್ ಮತ್ತು ಸಮಯವನ್ನು ಮಾತ್ರ ಬರೆದುಕೊಂಡು ಕೂಡಲೇ ದೂರು ಕೊಡಿ.

ಈ ಓದುವ, ತೆಗೆಯುವ, ಪಟ್ಟಿ ಮಾಡುವ ಕೆಲಸವನ್ನು ದಾಳಿಗೊಳಗಾದವರೇ ಮಾಡಬೇಕೆಂಬ ನಿಯಮ ಎಲ್ಲೂ ಇಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಬರಹದ ಅತಿ ಮುಖ್ಯ ಸಲಹೆ ಇದೇ: ಒಬ್ಬ ಗೆಳತಿಗೋ ಸಹೋದ್ಯೋಗಿಗೋ ಈ ಜವಾಬ್ದಾರಿಯನ್ನು ಸ್ಪಷ್ಟವಾಗಿ ವಹಿಸಿಬಿಡಿ. ‘ಈ ವಾರ ನನ್ನ ಖಾತೆಗೆ ಬರುವುದನ್ನು ನೀನು ನೋಡು. ಬೆದರಿಕೆ ಇದ್ದರೆ ಮಾತ್ರ ನನಗೆ ಫೋನ್ ಮಾಡು, ಉಳಿದದ್ದನ್ನು ಪಟ್ಟಿಗೆ ಸೇರಿಸು’ ಎಂದು ಕೇಳಿಕೊಳ್ಳಬಹುದು. ದಾಳಿಯ ಬಲವಿರುವುದು ಒಬ್ಬಾಕೆ ಒಬ್ಬಳೇ ಕುಳಿತು ಎಲ್ಲವನ್ನೂ ಓದುವುದರಲ್ಲಿ. ಸಹಾಯಕ್ಕೆ ನಿಂತವರೂ ಚಿತ್ರಗಳನ್ನು ಚಿಕ್ಕದಾಗಿ, ಕಪ್ಪುಬಿಳುಪಿನಲ್ಲಿ, ವಿಡಿಯೊಗಳನ್ನು ಧ್ವನಿಯಿಲ್ಲದೆ ನೋಡಿದರೆ ಅವರ ಮನಸ್ಸಿನ ಮೇಲಿನ ಹೊರೆ ತಗ್ಗುತ್ತದೆ.

ಖಾತೆಗಳ ಬಾಗಿಲು

ಗಮನ ಕೊಡಬೇಕಾದ ಮೊದಲ ಖಾತೆ ಸಾಮಾಜಿಕ ಜಾಲತಾಣದ್ದಲ್ಲ, ಇಮೇಲ್. ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿ ಅಲ್ಲಿಂದಲೇ ಹೋಗುತ್ತದೆ. ಹೊಸ, ಉದ್ದವಾದ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಹಾಕಿ. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪುರಾವೆ ಕೇಳುವ ಎರಡು ಹಂತದ ದೃಢೀಕರಣವನ್ನು ಆ್ಯಪ್ ಅಥವಾ ಭದ್ರತಾ ಕೀಲಿಯ (ಫೋನ್, ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಸಾಧನ) ಮೂಲಕ ಇಟ್ಟುಕೊಳ್ಳಿ. ಎಸ್ಸೆಮ್ಮೆಸ್‌ನಲ್ಲಿ ಬರುವ ಸಂಕೇತ ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ನಿಮ್ಮ ಸಂಖ್ಯೆಯ ಸಿಮ್ಮನ್ನು ಮೋಸದಿಂದ ತಮ್ಮ ಹೆಸರಿಗೆ ಪಡೆದವರ ಕೈಗೆ ಅದೂ ಸಿಗುತ್ತದೆ. ಬಳಿಕ ಹೆಚ್ಚಿನವರು ನೋಡದೆ ಬಿಡುವ ಮೂರು ಕಡೆ ನೋಡಿ: ಈ ಖಾತೆ ಈಗ ಯಾವ ಯಾವ ಸಾಧನಗಳಲ್ಲಿ ತೆರೆದಿದೆ, ಇಮೇಲುಗಳನ್ನು ಬೇರೆ ವಿಳಾಸಕ್ಕೆ ತಾನಾಗಿ ಕಳುಹಿಸುವ ನಿಯಮವನ್ನು ಯಾರಾದರೂ ಸೇರಿಸಿದ್ದಾರೆಯೇ, ಪಾಸ್‌ವರ್ಡ್ ಮರೆತಾಗ ಬಳಸುವ ಫೋನ್ ಸಂಖ್ಯೆ ಮತ್ತು ವಿಳಾಸ ನಿಮ್ಮದೇ ಆಗಿವೆಯೇ. ವಾಟ್ಸ್‌ಆ್ಯಪ್‌ನಲ್ಲಿ ಜೋಡಿಸಿದ ಸಾಧನಗಳ ಪಟ್ಟಿಯನ್ನು ನೋಡಿ, ಎರಡು ಹಂತದ ಪಿನ್ ಹಾಕಿ.

ನಂತರ ದಾಳಿಕೋರನ ಕಣ್ಣಿನಿಂದ ನಿಮ್ಮನ್ನೇ ಹುಡುಕಿ. ನಿಮ್ಮ ಹೆಸರು, ಫೋನ್ ಸಂಖ್ಯೆ, ಹಳೆಯ ಇಮೇಲ್, ನೀವು ಹೆಚ್ಚಾಗಿ ಬಳಸುವ ಭಾವಚಿತ್ರ ಇವುಗಳನ್ನು ಸರ್ಚ್ ಎಂಜಿನ್‌ಗೆ ಕೊಟ್ಟು ಏನು ಸಿಗುತ್ತದೆ ನೋಡಿ. ಹಳೆಯ ಸ್ವವಿವರ ಪತ್ರ, ಮರೆತುಹೋದ ಬ್ಲಾಗು, ಮನೆಯ ಹೊರಗೆ ತೆಗೆದ ಚಿತ್ರ ಇವೆಲ್ಲ ವಿಳಾಸ ಪತ್ತೆಗೆ ನೆರವಾಗುವ ತುಣುಕುಗಳು. ಫೋನ್ ಸಂಖ್ಯೆ, ಮನೆಯ ವಿಳಾಸಗಳು ಹುಡುಕಾಟದಲ್ಲಿ ಕಾಣದಂತೆ ಮಾಡಲು ಗೂಗಲ್‌ಗೆ ಮನವಿ ಸಲ್ಲಿಸಬಹುದು, ಆದರೆ ಮೂಲ ಜಾಲತಾಣದಿಂದ ಅಳಿಸಬೇಕಾದವರು ಅದರ ಒಡೆಯರೇ. ಮನೆಯವರ ಖಾತೆಗಳನ್ನೂ ಮರೆಯಬೇಡಿ; ನೀವು ಎಷ್ಟು ಎಚ್ಚರವಾಗಿದ್ದರೂ ಸಂಬಂಧಿಕರೊಬ್ಬರು ಸ್ಥಳದ ಗುರುತಿನೊಡನೆ ಹಾಕಿದ ಒಂದು ಚಿತ್ರದಿಂದ ಅದೆಲ್ಲ ವ್ಯರ್ಥವಾಗಬಹುದು.

ಬ್ಲಾಕ್, ಮ್ಯೂಟ್, ರಿಪೋರ್ಟ್

ಬ್ಲಾಕ್ ಮಾಡಿದ್ದು ದಾಳಿಕೋರನಿಗೆ ತಿಳಿಯುತ್ತದೆ, ಅವನು ಹೊಸ ಖಾತೆಯೊಂದಿಗೆ ಬರಬಹುದು. ಮ್ಯೂಟ್ ಮಾಡಿದರೆ ಅವನಿಗೆ ತಿಳಿಯದು, ಆದರೆ ಅವನು ನಾಳೆ ನಿಜವಾದ ಬೆದರಿಕೆ ಹಾಕಿದರೆ ನಿಮಗೂ ತಿಳಿಯದು. ಇನ್‌ಸ್ಟಾಗ್ರಾಂನ ‘ರಿಸ್ಟ್ರಿಕ್ಟ್’ ಇವೆರಡರ ನಡುವಿನದು: ಅವನ ಕಾಮೆಂಟ್ ನೀವು ಒಪ್ಪುವ ತನಕ ಅವನಿಗೆ ಮಾತ್ರ ಕಾಣುತ್ತದೆ. ಗುಂಪಿನ ದಾಳಿಗೆ ನನಗೆ ಸರಿಯೆನಿಸುವುದು ಕೆಲವು ದಿನಗಳ ಮಟ್ಟಿಗೆ ಕಾಮೆಂಟ್‌ಗಳನ್ನು ಪರಿಚಿತರಿಗಷ್ಟೇ ಸೀಮಿತಗೊಳಿಸಿ, ಬೈಗುಳದ ಪದಗಳಿಗೆ ಸೋಸುಪಟ್ಟಿ ಹಾಕಿ, ನೋಡುವ ಕೆಲಸವನ್ನು ಸಹಾಯಕರಿಗೆ ಒಪ್ಪಿಸುವುದು. ಬೈಗುಳ ಕನ್ನಡದಲ್ಲೂ ಇಂಗ್ಲಿಷ್ ಲಿಪಿಯ ಕನ್ನಡದಲ್ಲೂ ಬರುವುದರಿಂದ ಸೋಸುಪಟ್ಟಿಯಲ್ಲಿ ಎರಡೂ ರೂಪಗಳಿರಬೇಕು, ಬೇಕೆಂದೇ ಕೆಡಿಸಿ ಬರೆದ ಕಾಗುಣಿತಗಳೂ ಇರಬೇಕು.

ರಿಪೋರ್ಟ್ ಮಾಡುವಾಗ ‘ಇದು ನನಗೆ ಇಷ್ಟವಿಲ್ಲ’ ಎಂಬಂಥ ಆಯ್ಕೆ ಒತ್ತಿದರೆ ಬಹುಮಟ್ಟಿಗೆ ಏನೂ ಆಗುವುದಿಲ್ಲ. ಆ ಜಾಲತಾಣದ ನಿಯಮಗಳಲ್ಲಿ ನಿಮಗೆ ಅನ್ವಯಿಸುವ ಅತ್ಯಂತ ಗಂಭೀರವಾದ ವಿಭಾಗ ಯಾವುದೋ ಅದನ್ನೇ ಆರಿಸಿ: ಹಿಂಸೆಯ ಬೆದರಿಕೆ, ಖಾಸಗಿ ಮಾಹಿತಿ, ಸೋಗು ಹಾಕಿದ ಖಾತೆ, ಒಪ್ಪಿಗೆಯಿಲ್ಲದ ಖಾಸಗಿ ಚಿತ್ರ. ವಿವರಿಸಲು ಜಾಗವಿದ್ದರೆ ಸಂದರ್ಭವನ್ನು ಎರಡು ವಾಕ್ಯಗಳಲ್ಲಿ ಹೇಳಿ, ಸ್ಥಳೀಯ ಬೈಗುಳದ ಅರ್ಥವನ್ನೂ ಬಿಡಿಸಿ ಬರೆಯಿರಿ; ಪರಿಶೀಲಿಸುವವರಿಗೆ ಆ ಭಾಷೆ ಬಾರದೇ ಇರಬಹುದು. ಮೊದಲ ಉತ್ತರ ‘ನಿಯಮ ಉಲ್ಲಂಘನೆಯಾಗಿಲ್ಲ’ ಎಂದು ಬಂದರೆ ಅದೇ ಕೊನೆಯಲ್ಲ, ಮೇಲ್ಮನವಿಗೆ ಅವಕಾಶವಿದ್ದರೆ ಬಳಸಿ. ದಾಳಿಕೋರರೂ ಗುಂಪುಗೂಡಿ ನಿಮ್ಮ ಖಾತೆಯನ್ನೇ ರಿಪೋರ್ಟ್ ಮಾಡಿ ಅಮಾನತು ಮಾಡಿಸುವುದುಂಟು. ನಿಮ್ಮ ಖಾತೆಯ ದತ್ತಾಂಶದ ಪ್ರತಿಯನ್ನು ಮೊದಲೇ ಇಳಿಸಿಕೊಂಡಿರಿ.

ಸುಳ್ಳಿಗೆ ಉತ್ತರ

‘ನಿರ್ಲಕ್ಷಿಸಿ, ತಾನಾಗಿ ತಣ್ಣಗಾಗುತ್ತದೆ’ ಎಂಬ ಸಲಹೆ ಕೊಡುವವರಿಗೆ ಸುಲಭ. ಅದು ಕೆಲವೊಮ್ಮೆ ಸರಿ, ಕೆಲವೊಮ್ಮೆ ದೊಡ್ಡ ತಪ್ಪು. ನಿರ್ಧರಿಸಲು ಒಂದೇ ಪ್ರಶ್ನೆ ಸಾಕು: ಯಾರ ನಂಬಿಕೆ ನಿಮಗೆ ಮುಖ್ಯವೋ ಅವರವರೆಗೆ ಈ ಸುಳ್ಳು ಮುಟ್ಟಿದೆಯೇ, ಅಥವಾ ಮುಟ್ಟುವ ಲಕ್ಷಣವಿದೆಯೇ? ಇಪ್ಪತ್ತು ಜನ ನೋಡಿದ ಪೋಸ್ಟಿಗೆ ನೀವು ಸಾರ್ವಜನಿಕವಾಗಿ ಉತ್ತರಿಸಿದರೆ ಅದನ್ನು ನಿಮ್ಮ ಸಾವಿರಾರು ಓದುಗರಿಗೆ ನೀವೇ ಪರಿಚಯಿಸಿದಂತಾಗುತ್ತದೆ. ಆದರೆ ಕಚೇರಿಯ ಗುಂಪಿನಲ್ಲಿ, ಮನೆಯವರ ಗುಂಪಿನಲ್ಲಿ ಅದು ಹರಿದಾಡುತ್ತಿದ್ದರೆ ಮೌನವನ್ನು ಒಪ್ಪಿಗೆಯೆಂದು ಓದುವವರು ಇದ್ದೇ ಇರುತ್ತಾರೆ. ಆಗಲೂ ಉತ್ತರ ಹೋಗಬೇಕಾದದ್ದು ದಾಳಿಕೋರನಿಗಲ್ಲ, ಆ ಗುಂಪಿನವರಿಗೆ.

ಸುಳ್ಳಿನ ಬಗೆಯನ್ನು ಗುರುತಿಸಿದರೆ ಉತ್ತರದ ಬಗೆ ತಾನಾಗಿ ಹೊಳೆಯುತ್ತದೆ. ನಿಮ್ಮ ಹೆಸರು, ಚಿತ್ರ ಹಾಕಿ ಸೃಷ್ಟಿಸಿದ ಹೇಳಿಕೆಯ ಸ್ಕ್ರೀನ್‌ಶಾಟ್ ಆಗಿದ್ದರೆ ನಿಮ್ಮ ನಿಜವಾದ ಖಾತೆಯ ಆ ದಿನದ ಪುಟವೇ ಸಾಕ್ಷಿ. ಹಳೆಯ ಚಿತ್ರಕ್ಕೆ ಹೊಸ ಕಥೆ ಕಟ್ಟಿದ್ದರೆ ಚಿತ್ರವನ್ನೇ ಕೊಟ್ಟು ಹುಡುಕಬಹುದಾದ ಗೂಗಲ್ ಲೆನ್ಸ್ ಅಥವಾ ಟಿನ್‌ಐನಲ್ಲಿ ಹುಡುಕಿ ಚಿತ್ರದ ಮೊದಲ ಪ್ರಕಟಣೆಯನ್ನು ತೋರಿಸಬೇಕು. ಭಾಷಣದ ತುಂಡನ್ನು ಕತ್ತರಿಸಿದ್ದರೆ ಪೂರ್ಣ ಧ್ವನಿಮುದ್ರಿಕೆ ಬೇಕು. ಸಾರ್ವಜನಿಕವಾಗಿ ಮಾತನಾಡುವವರು ತಮ್ಮ ಭಾಷಣಗಳ ಪೂರ್ಣ ಪ್ರತಿಯನ್ನು ಇಟ್ಟುಕೊಳ್ಳುವುದು ಈ ಕಾರಣಕ್ಕೇ ಒಳ್ಳೆಯದು. ಡೀಪ್‌ಫೇಕ್ (ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ನಕಲಿ ಚಿತ್ರ ಅಥವಾ ವಿಡಿಯೊ) ಆಗಿದ್ದರೆ ‘ಕಣ್ಣು ಮಿಟುಕುತ್ತಿಲ್ಲ, ಬೆರಳು ಸರಿಯಿಲ್ಲ’ ಎಂಬಂಥ ಗುರುತುಗಳ ವಾದಕ್ಕೆ ಇಳಿಯಬೇಡಿ, ತಂತ್ರಜ್ಞಾನ ಮುಂದುವರಿದಂತೆ ಅವು ಅಳಿಯುತ್ತವೆ. ಯಾವ ಮೂಲ ವಿಡಿಯೊಗೆ ನಿಮ್ಮ ಮುಖ ಅಂಟಿಸಲಾಗಿದೆ, ಅಥವಾ ನಿಮ್ಮ ಯಾವ ಚಿತ್ರದಿಂದ ಮುಖ ಎತ್ತಲಾಗಿದೆ ಎಂಬುದು ಪತ್ತೆಯಾದರೆ ಅದಕ್ಕಿಂತ ಗಟ್ಟಿಯಾದ ಉತ್ತರವಿಲ್ಲ.

ಎರಡು ಬಗೆಗಳು ಒಟ್ಟಿಗೆ ಬಂದ ಉದಾಹರಣೆ ಭಾರತದ ಪತ್ರಕರ್ತೆ ರಾಣಾ ಅಯ್ಯೂಬ್ ಅವರದು. 2018ರ ಏಪ್ರಿಲಿನಲ್ಲಿ ಮೊದಲು ಅವರ ಹೆಸರಿನಲ್ಲಿ ಸುಳ್ಳು ಟ್ವೀಟುಗಳು ಹರಿದಾಡಿದವು, ಅದರ ಬೆನ್ನಿಗೇ ಅವರ ಮುಖ ಅಂಟಿಸಿದ ಅಶ್ಲೀಲ ವಿಡಿಯೊ ಬಂತು, ಅದಾದ ಮೇಲೆ ಅವರ ಫೋನ್ ಸಂಖ್ಯೆಯೂ ಬಹಿರಂಗವಾಯಿತು. ಅವರಿಗೆ ರಕ್ಷಣೆ ಕೊಡಬೇಕೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರವನ್ನು ಒತ್ತಾಯಿಸಿದರು. ಈ ಸರಣಿಯಿಂದ ಕಲಿಯಬೇಕಾದ್ದು ಇಷ್ಟು: ಸುಳ್ಳು ಹೇಳಿಕೆಯೊಂದು ಹರಡುತ್ತಿದೆ ಎಂದು ತಿಳಿದ ದಿನವೇ ಖಾತೆಗಳ ಭದ್ರತೆ, ಫೋನ್ ಸಂಖ್ಯೆ, ವಿಳಾಸಗಳ ಕಡೆಗೂ ಗಮನ ಹರಿಯಬೇಕು.

ಬರೆಯುವ ರೀತಿಯ ಬಗ್ಗೆ ಸಂಶೋಧನೆಗಳು ಹೇಳುವುದು ಸಾಕಷ್ಟು ಸ್ಪಷ್ಟವಾಗಿದೆ. ‘ಇದು ಸುಳ್ಳು’ ಎಂದಷ್ಟೇ ಹೇಳಿದರೆ ಕೇಳಿದವರ ನೆನಪಿನಲ್ಲಿ ಆ ಸುಳ್ಳು ಮುಂದುವರಿಯುತ್ತದೆ; ಅದರ ಜಾಗದಲ್ಲಿ ನಿಜವಾಗಿ ಏನು ನಡೆಯಿತು ಎಂಬ ವಿವರಣೆಯನ್ನು ಇಟ್ಟರೆ ತಿದ್ದುಪಡಿ ಹೆಚ್ಚು ನಾಟುತ್ತದೆ. ಹಾಗಾಗಿ ನಿಜದಿಂದ ಆರಂಭಿಸಿ, ಸುಳ್ಳನ್ನು ಒಂದೇ ಸಲ, ಸುಳ್ಳೆಂದು ಹೆಸರಿಸಿಯೇ ಹೇಳಿ, ಮತ್ತೆ ನಿಜಕ್ಕೆ ಬಂದು ಮುಗಿಸಿ. ಶೀರ್ಷಿಕೆಯಲ್ಲಿ ಸುಳ್ಳಿನ ಮಾತುಗಳು ಬೇಡ. ‘ನಾನು ಅಂಥವಳಲ್ಲ’ ಎಂಬ ಧಾಟಿಯೂ ಬೇಡ, ಅದು ಚರ್ಚೆಯನ್ನು ನಿಮ್ಮ ಚಾರಿತ್ರ್ಯದ ಮೇಲೆಯೇ ನಿಲ್ಲಿಸುತ್ತದೆ. ಮಾದರಿಗೆ ಒಂದು:

‘ಮಾರ್ಚ್ 4ರ ಸಭೆಯಲ್ಲಿ ನಾನು ಆಡಿದ ಪೂರ್ಣ ಮಾತು ಈ ವಿಡಿಯೊದಲ್ಲಿದೆ. ಅದರ 12 ಸೆಕೆಂಡುಗಳ ತುಂಡನ್ನು ಕತ್ತರಿಸಿ, ನಾನು ಹೇಳದ ಅರ್ಥ ಬರುವಂತೆ ಹಂಚಲಾಗುತ್ತಿದೆ. ನಾನು ಹೇಳಿದ್ದು ಯೋಜನೆಯ ಲೆಕ್ಕಪತ್ರವನ್ನು ಪ್ರಕಟಿಸಬೇಕು ಎಂದು. ತುಂಡು ವಿಡಿಯೊ ನಿಮಗೆ ಬಂದಿದ್ದರೆ ಅದನ್ನು ಮುಂದೆ ಕಳುಹಿಸದೆ, ಕಳುಹಿಸಿದವರಿಗೆ ಪೂರ್ಣ ವಿಡಿಯೊ ತಲುಪಿಸಲು ಕೋರುತ್ತೇನೆ.’

ಇದನ್ನು ಖಾತೆಯ ಮೇಲ್ಭಾಗದಲ್ಲಿ ಪಿನ್ ಮಾಡಿ, ಮತ್ತೆ ಯಾರು ಕೇಳಿದರೂ ಇದರ ಲಿಂಕನ್ನೇ ಕೊಡಿ. ಪ್ರತಿ ಕಾಮೆಂಟಿಗೂ ಹೊಸದಾಗಿ ಉತ್ತರಿಸತೊಡಗಿದರೆ ಅದಕ್ಕೆ ಕೊನೆಯಿಲ್ಲ, ಪ್ರತಿ ಹೊಸ ವಾಕ್ಯದಲ್ಲೂ ತಿರುಚಲು ಏನಾದರೂ ಸಿಗುತ್ತದೆ. ಸುಳ್ಳು ದೊಡ್ಡದಾಗಿದ್ದರೆ ಸತ್ಯಶೋಧಕ ಸಂಸ್ಥೆಗಳಿಗೆ ಮೂಲ ದಾಖಲೆಗಳೊಂದಿಗೆ ಬರೆಯಿರಿ. ಅಂತರರಾಷ್ಟ್ರೀಯ ಫ್ಯಾಕ್ಟ್‌ಚೆಕಿಂಗ್ ಜಾಲದ ನೀತಿಸಂಹಿತೆಗೆ ಸಹಿ ಹಾಕಿದ ಸಂಸ್ಥೆಗಳ ಪಟ್ಟಿ ಸಾರ್ವಜನಿಕವಾಗಿದೆ. ಮೂರನೆಯವರು ಪರಿಶೀಲಿಸಿ ಹೇಳಿದ್ದಕ್ಕೆ ನಿಮ್ಮ ಮಾತಿಗಿಲ್ಲದ ತೂಕವಿರುತ್ತದೆ.

ಉದ್ಯೋಗದಾತರಿಗೆ ಸುಳ್ಳು ತಲುಪುವ ಮೊದಲೇ ನೀವು ತಲುಪಿದರೆ ಒಳ್ಳೆಯದು. ‘ನನ್ನ ವಿರುದ್ಧ ಸಂಘಟಿತ ದಾಳಿ ನಡೆಯುತ್ತಿದೆ. ಕಚೇರಿಗೂ ಕರೆ, ಇಮೇಲ್ ಬರಬಹುದು. ಉತ್ತರಿಸದೆ ಅವನ್ನು ಉಳಿಸಿ ನನಗೆ ತಲುಪಿಸಿ. ನನ್ನ ಫೋನ್ ಸಂಖ್ಯೆ, ಕೆಲಸದ ವೇಳೆಯನ್ನು ಯಾರಿಗೂ ಹೇಳಬೇಡಿ’ ಎಂಬ ನಾಲ್ಕು ಸಾಲು ಸಾಕು. ನೀವು ಉದ್ಯೋಗದ ಕಾರಣಕ್ಕೇ ದಾಳಿಗೊಳಗಾಗಿದ್ದರೆ, ರಕ್ಷಣೆ ಮತ್ತು ಕಾನೂನು ನೆರವು ಸಂಸ್ಥೆಯ ಹೊಣೆ ಎಂದು ಲಿಖಿತವಾಗಿ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ಖಾಸಗಿ ಚಿತ್ರಗಳ ಬೆದರಿಕೆ

ಚಿತ್ರ ಹರಡುವುದಾಗಿ ಹೆದರಿಸಿ ಹಣ ಕೇಳುವವನಿಗೆ ಹಣ ಕೊಡಬೇಡಿ. ಕೊಟ್ಟರೆ ಬೇಡಿಕೆ ಮುಗಿಯುವ ಬದಲು ಬೆಳೆಯುವುದೇ ಹೆಚ್ಚು. ಮಾತುಕತೆಯನ್ನು ಅಳಿಸದೆ ದಾಖಲಿಸಿ, ಉತ್ತರಿಸುವುದನ್ನು ನಿಲ್ಲಿಸಿ, ದೂರು ಕೊಡಿ.

ಚಿತ್ರ ಹರಡದಂತೆ ತಡೆಯಲು 2021ರ ಡಿಸೆಂಬರಿನಲ್ಲಿ ಆರಂಭವಾದ ಸ್ಟಾಪ್ ಎನ್‌ಸಿಐಐ ಎಂಬ ಉಚಿತ ವ್ಯವಸ್ಥೆಯಿದೆ. ನಿಮ್ಮ ಚಿತ್ರವನ್ನು ಯಾರಿಗೂ ಕಳುಹಿಸಬೇಕಿಲ್ಲ. ನಿಮ್ಮ ಸಾಧನದಲ್ಲೇ ಆ ಚಿತ್ರದಿಂದ ಒಂದು ಡಿಜಿಟಲ್ ಬೆರಳಚ್ಚು ತಯಾರಾಗುತ್ತದೆ, ಅದು ಮಾತ್ರ ಹೊರಗೆ ಹೋಗುತ್ತದೆ, ಮತ್ತು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ರೆಡಿಟ್ ಮುಂತಾದ ಭಾಗಿದಾರ ಸಂಸ್ಥೆಗಳು ಅದಕ್ಕೆ ಹೊಂದುವ ಚಿತ್ರ ತಮ್ಮಲ್ಲಿ ಕಂಡರೆ ತೆಗೆಯುತ್ತವೆ. ಕೃತಕವಾಗಿ ತಯಾರಿಸಿದ ನಗ್ನ ಚಿತ್ರಗಳಿಗೂ ಇದನ್ನು ಬಳಸಬಹುದು. ಚಿತ್ರ ತೆಗೆದಾಗ ಹದಿನೆಂಟು ತುಂಬಿರದಿದ್ದವರಿಗೆ ಇದೇ ಮಾದರಿಯ ಟೇಕ್ ಇಟ್ ಡೌನ್ ಎಂಬ ಸೇವೆಯನ್ನು ಕಾಣೆಯಾದ ಮತ್ತು ಶೋಷಿತ ಮಕ್ಕಳಿಗಾಗಿರುವ ಅಮೆರಿಕದ ರಾಷ್ಟ್ರೀಯ ಕೇಂದ್ರ ನಡೆಸುತ್ತದೆ. ಮಿತಿಗಳೂ ಇವೆ: ಭಾಗಿದಾರರಲ್ಲದ ಜಾಲತಾಣಗಳಲ್ಲಿ ಇದು ನಡೆಯದು, ಗೂಢಲಿಪಿಯ ಖಾಸಗಿ ಸಂದೇಶಗಳೊಳಗೆ ಇದಕ್ಕೆ ಪ್ರವೇಶವಿಲ್ಲ, ಚಿತ್ರವನ್ನು ಗಣನೀಯವಾಗಿ ಮಾರ್ಪಡಿಸಿದರೆ ಹೊಂದಿಕೆ ತಪ್ಪಬಹುದು. ಆದ್ದರಿಂದ ಇದರ ಜೊತೆಗೆ ಗೂಗಲ್ ಮತ್ತು ಬಿಂಗ್‌ನಲ್ಲಿ ಹುಡುಕಾಟದ ಫಲಿತಾಂಶದಿಂದ ತೆಗೆಸುವ ಮನವಿಯನ್ನೂ ಸಲ್ಲಿಸಿ. ನೀವೇ ತೆಗೆದುಕೊಂಡ ಸೆಲ್ಫಿಯಾದರೆ ಅದರ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ನಿಮ್ಮದೇ. ಆ ಆಧಾರದ ಮೇಲೆ ತೆಗೆಸುವುದೂ ಒಂದು ದಾರಿ, ಆದರೆ ಆ ಸೂಚನೆಯಲ್ಲಿ ಬರೆದ ಹೆಸರು, ವಿಳಾಸ ಎದುರಾಳಿಗೆ ತಲುಪಬಹುದಾದ್ದರಿಂದ ವಕೀಲರ ಮೂಲಕ ಕಳುಹಿಸುವುದು ಲೇಸು.

ಕಾನೂನು ದೇಶದಿಂದ ದೇಶಕ್ಕೆ ಬೇರೆಯಾದರೂ ಗಡುವು ವಿಧಿಸುವ ನಿಯಮಗಳು ಹೆಚ್ಚುತ್ತಿವೆ. ಭಾರತದ 2021ರ ನಿಯಮಗಳು ಇಂಥ ಚಿತ್ರಗಳ ಬಗ್ಗೆ ದೂರು ಬಂದ 24 ಗಂಟೆಯೊಳಗೆ ಕ್ರಮಕ್ಕೆ ಮುಂದಾಗಬೇಕೆಂದು ಜಾಲತಾಣಗಳಿಗೆ ಹೇಳಿದವು. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಸಹಿಯಾದ ಕಾಯ್ದೆ 48 ಗಂಟೆಗಳ ಗಡುವು ಇಟ್ಟಿದೆ. ದೂರು ಸಲ್ಲಿಸಿದ ಗಂಟೆ, ನಿಮಿಷವನ್ನು ಪಟ್ಟಿಯಲ್ಲಿ ಬರೆದಿಡಬೇಕೆಂದು ಹೇಳುವುದು ಇದಕ್ಕೇ.

ಪೊಲೀಸರ ಮುಂದೆ

ಇನ್ನೂರು ಸ್ಕ್ರೀನ್‌ಶಾಟ್‌ಗಳಿರುವ ಫೋನನ್ನು ಮೇಜಿನ ಮೇಲಿಟ್ಟರೆ ಯಾವ ಅಧಿಕಾರಿಗೂ ತಲೆಬುಡ ತಿಳಿಯದು. ಒಂದು ಪುಟದ ಸಾರಾಂಶ ಮೊದಲಿಗಿರಲಿ: ಏನಾಯಿತು, ಯಾವಾಗಿನಿಂದ, ಯಾವ ಖಾತೆಗಳಿಂದ, ಗಂಭೀರವಾದ ಮೂರು ನಾಲ್ಕು ಘಟನೆಗಳು ಯಾವುವು, ನಿಮಗೆ ಯಾರ ಮೇಲಾದರೂ ಸಂಶಯವಿದ್ದರೆ ಯಾಕೆ. ಅದರ ಹಿಂದೆ ಪಟ್ಟಿ, ಅದರ ಹಿಂದೆ ಮುದ್ರಿತ ಚಿತ್ರಗಳು, ಪೆನ್‌ಡ್ರೈವ್‌ನಲ್ಲಿ ಮೂಲ ಕಡತಗಳು. ಜೊತೆಗೆ ಒಬ್ಬರು ಇರಲಿ. ಸ್ವೀಕೃತಿಯ ಸಂಖ್ಯೆ ಪಡೆಯದೆ ಹೊರಡಬೇಡಿ.

ಖಾತೆಯ ಹಿಂದಿನ ವ್ಯಕ್ತಿಯನ್ನು ಪತ್ತೆಹಚ್ಚಲು ಬೇಕಾದ ಐಪಿ ವಿವರಗಳನ್ನು (ಯಾವ ಇಂಟರ್‌ನೆಟ್ ಸಂಪರ್ಕದಿಂದ ಖಾತೆ ಬಳಸಲಾಯಿತು ಎಂಬ ಗುರುತು) ಜಾಲತಾಣ ಸಂಸ್ಥೆಗಳು ಸದಾಕಾಲ ಇಟ್ಟುಕೊಳ್ಳುವುದಿಲ್ಲ. ದತ್ತಾಂಶವನ್ನು ಅಳಿಸದಂತೆ ಸಂರಕ್ಷಿಸಲು ತನಿಖಾಧಿಕಾರಿಗಳು ಸಂಸ್ಥೆಗೆ ಬರೆಯಬೇಕೆಂದು ದೂರಿನಲ್ಲೇ ಕೋರಿ. 2001ರ ಬುಡಾಪೆಸ್ಟ್ ಸೈಬರ್ ಅಪರಾಧ ಒಪ್ಪಂದವು ಇಂಥ ಸಂರಕ್ಷಣೆಗೆ 90 ದಿನಗಳವರೆಗಿನ ಅವಧಿಯನ್ನು ಹೇಳುತ್ತದೆ, ಅದನ್ನು ಮುಂದುವರಿಸಲು ದೇಶಗಳಿಗೆ ಅವಕಾಶವೂ ಇದೆ. ದೂರು ತಡವಾದಷ್ಟೂ ಸಂರಕ್ಷಿಸಲು ಏನೂ ಉಳಿದಿರುವುದಿಲ್ಲ.

ದಾಳಿಕೋರ ಇಂಥವನೇ ಎಂದು ಸ್ವತಃ ಪತ್ತೆಮಾಡಿ ಅವನ ಹೆಸರು, ವಿಳಾಸವನ್ನು ಸಾರ್ವಜನಿಕವಾಗಿ ಹಾಕುವ ಆಸೆ ಬರುತ್ತದೆ, ಬೆಂಬಲಿಗರೂ ಹುರಿದುಂಬಿಸುತ್ತಾರೆ. ಬೇಡ. ಗುರುತು ತಪ್ಪಾದರೆ ನಿರಪರಾಧಿಯೊಬ್ಬರು ನಿಮ್ಮದೇ ಸ್ಥಿತಿಗೆ ಬೀಳುತ್ತಾರೆ. ಸರಿಯಾಗಿದ್ದರೂ ಮಾನಹಾನಿಯ ದಾವೆ ನಿಮ್ಮ ಕಡೆಗೇ ತಿರುಗಬಹುದು.

ಜೊತೆಗೆ ನಿಲ್ಲುವವರಿಗೆ

ಬೆಂಬಲಿಸುವ ಉತ್ಸಾಹದಲ್ಲಿ ‘ನೋಡಿ ಎಂಥ ನೀಚರು’ ಎಂದು ಆ ಅಶ್ಲೀಲ ಪೋಸ್ಟನ್ನೇ ಮತ್ತೆ ಹಂಚುವವರು ದಾಳಿಕೋರನ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತಾರೆ. ಏನು ಮಾಡುವುದಿದ್ದರೂ ಮೊದಲು ಆಕೆಯನ್ನು ಕೇಳಿ. ಸಾರ್ವಜನಿಕ ಬೆಂಬಲ ಕೆಲವರಿಗೆ ಧೈರ್ಯ, ಇನ್ನು ಕೆಲವರಿಗೆ ಮತ್ತಷ್ಟು ಗದ್ದಲ. ಆಕೆ ಒಪ್ಪಿದರೆ ಸುಳ್ಳನ್ನು ಉಲ್ಲೇಖಿಸದೆ ಆಕೆಯ ಕೆಲಸದ ಬಗ್ಗೆ ಬರೆಯಿರಿ, ಪಿನ್ ಮಾಡಿದ ಸ್ಪಷ್ಟನೆಯನ್ನು ಹಂಚಿ, ನೀವಿರುವ ಗುಂಪುಗಳಲ್ಲಿ ಸುಳ್ಳು ಬಂದಾಗ ಅಲ್ಲೇ ತಿದ್ದಿ. ಸಾವಿರ ಜನರ ಹ್ಯಾಶ್‌ಟ್ಯಾಗಿಗಿಂತ ಮನೆಯವರ ಗುಂಪಿನಲ್ಲಿ ಒಬ್ಬರು ‘ಇದು ತಿರುಚಿದ ವಿಡಿಯೊ, ಪೂರ್ಣ ಇಲ್ಲಿದೆ ನೋಡಿ’ ಎಂದು ಹಾಕುವ ಸಾಲಿನಿಂದ ಹೆಚ್ಚು ಉಪಯೋಗವಾಗುವುದುಂಟು. ‘ಯಾಕೆ ಆ ಚಿತ್ರ ಹಾಕಿದೆ’, ‘ಯಾಕೆ ಆ ವಿಷಯ ಎತ್ತಿದೆ’ ಎಂಬ ಪ್ರಶ್ನೆಗಳು ಬೇಡ. ನಿದ್ರೆ ಬಾರದಿರುವುದು, ಫೋನ್ ಸದ್ದಿಗೇ ಎದೆ ಹೊಡೆದುಕೊಳ್ಳುವುದು ವಾರಗಳವರೆಗೆ ಮುಂದುವರಿದರೆ ಆಪ್ತ ಸಮಾಲೋಚಕರ ಬಳಿಗೆ ಕರೆದುಕೊಂಡು ಹೋಗುವುದೂ ಜೊತೆಗಿರುವವರ ಕೆಲಸವೇ.

ಗದ್ದಲ ಅಡಗಿದ ಮೇಲೆ ಸಹಾಯಕರಿಗೆ ಕೊಟ್ಟಿದ್ದ ಪಾಸ್‌ವರ್ಡ್‌ಗಳನ್ನು ಬದಲಿಸಿ. ದಾಖಲೆಯ ಕಡತವನ್ನು ಮಾತ್ರ ಅಳಿಸದೆ, ಪಾಸ್‌ವರ್ಡ್ ಹಾಕಿ, ಎರಡು ಬೇರೆ ಜಾಗಗಳಲ್ಲಿ ಇಡಿ. ಪ್ರಕರಣ ನ್ಯಾಯಾಲಯ ತಲುಪಲು ವರ್ಷಗಳೇ ಹಿಡಿಯಬಹುದು, ಅದೇ ಸುಳ್ಳು ಹೊಸ ಸಂದರ್ಭದಲ್ಲಿ ಮತ್ತೆ ತಲೆಯೆತ್ತಲೂಬಹುದು. ಆಗ ಉತ್ತರ, ಲಿಂಕ್, ದೂರಿನ ಸಂಖ್ಯೆ ಎಲ್ಲವೂ ಕೈಗೆಟಕುವಲ್ಲಿರುತ್ತವೆ.